ಮೂರು ಸೆಕೆಂಡು ಕಾಯಿರಿ

ಅಪ್ಪಾ,

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕೈಯಲ್ಲಿ ಬರೆದು ಅಭ್ಯಾಸ ತಪ್ಪಿದೆ, ಅಕ್ಷರ ಸೊಟ್ಟಗಾಗಿದ್ದರೆ ಬೈಯಬೇಡ.

ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಮೂಡಿಸುವ ಡ್ರೈವರ್ ತಂತ್ರಾಂಶವೊಂದನ್ನು ಬೇರೊಂದು ಆಪರೇಟಿಂಗ್ ಸಿಸ್ಟಂನಿಂದ ತಂದು ನಮ್ಮದಕ್ಕೆ ಒಗ್ಗಿಸುವುದು ಈಗ ನನ್ನ ಕೆಲಸ. ಯಾರು ಬೇಕಾದರೂ ಓದಿ ಬಳಸಬಹುದಾದ ಕೋಡ್ ಅದು. ಬರೆದವರ ಹೆಸರನ್ನು ಮಾತ್ರ ಅಳಿಸುವಂತಿಲ್ಲ. ಇವತ್ತು ಬೆಳಿಗ್ಗೆ ಒಂದು ಫೈಲ್ ತೆರೆದೆ. ಮೊದಲ ಸಾಲಿನಲ್ಲೇ ನಿನ್ನ ಹೆಸರಿತ್ತು. ಕುರ್ಚಿಯಿಂದ ಎದ್ದು ನಿಂತುಬಿಟ್ಟೆ.

"ಆ ಡಬ್ಬದ ಮುಂದೆ ಕೂತು ಏನು ಕಡಿದು ಕಟ್ಟೆ ಹಾಕಿದ್ದೀಯ?" ಎಂದು ಕೇಳಿ ಮನೆ ಬಿಟ್ಟವಳು ನಾನು.

ಇನ್ನೂ ಕೆಳಗೆ, ಪರದೆಯ ಸಂಪರ್ಕ ತಪ್ಪಿದರೆ ಮೂರು ಸೆಕೆಂಡು ಕಾದು ಮತ್ತೆ ನೋಡು ಎಂಬ ಸಾಲು. ಪಕ್ಕದಲ್ಲಿ ನಿನ್ನ ಟಿಪ್ಪಣಿ: "ಮಗಳು ಸಿಟ್ಟು ಬಂದಾಗ ಕೇಬಲ್ ಕೀಳ್ತಾಳೆ. ಪರದೆ ಹೋಯ್ತು ಅಂತ ಎಲ್ಲಾ ಮುಚ್ಚಬೇಡಿ. ಸ್ವಲ್ಪ ಕಾಯಿರಿ, ಅವಳೇ ಮತ್ತೆ ಹಾಕ್ತಾಳೆ."

ಆಗ ನನಗೆ ಐದು ವರ್ಷವಿರಬೇಕು. ಕಿತ್ತದ್ದು ನೆನಪಿದೆ, ಮತ್ತೆ ಹಾಕಿದ್ದು ನೆನಪೇ ಇಲ್ಲ.

ನಮ್ಮ ತಂಡದ ಹಿರಿಯರು ನೋಡಿ, "ಇಷ್ಟು ಹೊತ್ತು ಯಾರಮ್ಮಾ ಕಾಯ್ತಾರೆ? ಆ ಸಾಲು ತೆಗಿ" ಅಂದರು. ತೆಗೆದಿಲ್ಲ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಹಿಂದಿನ ಕೋಣೆಯ ಕಂಪ್ಯೂಟರನ್ನು ಒರೆಸಿ ಆನ್ ಮಾಡಿಡು, ಹೊಸ ಡ್ರೈವರನ್ನು ಅದರಲ್ಲೇ ಪರೀಕ್ಷಿಸಬೇಕು. ಪರದೆಯ ಕೇಬಲ್ ಮಾತ್ರ ಹಾಕಬೇಡ. ನಾನೇ ಹಾಕುತ್ತೇನೆ.

ಇಂತಿ,
ನಿನ್ನ ಮಗಳು