ರುಬಿಡಿಯಂ ಎಬ್ಬಿಸಿದ ಗೆರೆ

ರಾಮನಗರ
೧೪ ನವೆಂಬರ್ ೨೦೦೬

ಪ್ರೀತಿಯ ಮಜೀದಾ,

ಗುಲ್ಬರ್ಗದಲ್ಲಿ ನೀನು, ನಿನ್ನ ಯಜಮಾನರು ಅಮೀರ್, ಪುಟ್ಟ ಮಗಳು ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ರಂಜಾನ್ ಹಬ್ಬಕ್ಕೆ ನೀನು ಬರೆದ ಕಾಗದಕ್ಕೆ ಈಗ ಉತ್ತರಿಸುತ್ತಿದ್ದೇನೆ, ಬೈಯಬೇಡ. ಮೂರು ಸಲ ಬರೆದು ಹರಿದುಹಾಕಿದೆ.

ನಮ್ಮ ಯಜಮಾನರು ಅನಂತರಾಜುಗೆ ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟು ಬದಲಾಗಿದೆ. ಉಳಿದದ್ದೆಲ್ಲ ಮಾಮೂಲು, ನಾನು ಮಾತ್ರ ಕೂತಲ್ಲಿ ಕೂರಲಾರೆ. ಬೆಳಿಗ್ಗೆ ಅಕ್ಕಿಯನ್ನು ಎರಡೆರಡು ಸಲ ತೊಳೆದು, ಒಲೆ ಹಚ್ಚುವುದನ್ನೇ ಮರೆತೆ. ಅತ್ತೆ ಕಾವೇರಮ್ಮ, "ಮೈಮ್ಯಾಲೆ ಗ್ಯಾನ ಐತೇನವ್ವಾ? ಒಸಿ ಕೂತ್ಕೊಂಡು ಏನಾಗೈತೆ ಅಂತ ಯೋಳು" ಅಂದರು. ಅವರಿಗೆ ಏನೆಂದು ಹೇಳಲಿ?

ನಿನಗೆ ಹೇಳುತ್ತೇನೆ. ಹೋದ ತಿಂಗಳು ಲ್ಯಾಬಿನಲ್ಲಿ ಫುಲ್ಲರೀನ್ ಪದರಕ್ಕೆ ರುಬಿಡಿಯಂ ಲೋಹ ಸೇರಿಸಿ, ಟ್ಯೂಬು ಮುಚ್ಚಿ, ತಣ್ಣಗಾಗಿಸಿ, ಇನ್‌ಫ್ರಾರೆಡ್ ಬೆಳಕು ಹಾಯಿಸಿದೆ. ನಕ್ಷೆಯಲ್ಲಿ ಒಂದು ಗೆರೆ ತನ್ನ ಜಾಗ ಬಿಟ್ಟು ಜರುಗಿತು, ಅದರ ಪಕ್ಕದಲ್ಲೇ ಇನ್ನೊಂದು ಎದ್ದಿತು. ಮೂರು ವರ್ಷದ ಹಿಂದೆ ನಿನಗೆ ಬಂದಿದ್ದ ಅದೇ ಗೆರೆ. ಗಾಳಿ ಹೊಕ್ಕು ಕೆಟ್ಟ ಟ್ಯೂಬಿನದೆಂದು ಗೈಡ್ ಸಾರ್ ಅದನ್ನು ಪಕ್ಕಕ್ಕೆ ಹಾಕಿದ್ದರು. ನೀನು ಮಾತ್ರ ಫುಲ್ಲರೀನಿನ ಆ ಚೆಂಡಿನಾಕಾರದ ಇಂಗಾಲದ ಅಣುವಿನ ಚಿತ್ರ ಬರೆದು, "ರುಬಿಡಿಯಂನಿಂದ ಬಂದ ಎಲೆಕ್ಟ್ರಾನ್ ಸುಮ್ನೆ ಕೂರಾಕಿಲ್ಲ ಕಣೇ, ಚೆಂಡನ್ನೇ ಅಲ್ಲಾಡುಸ್ತದೆ, ಅದುಕ್ಕೇ ಗೆರೆ ಜರುಗೈತೆ" ಅಂದಿದ್ದೆ. ಯಾರೂ ಕೇಳಲಿಲ್ಲ. ಆರು ತಿಂಗಳಿಗೆ ನೀನು ಸಂಶೋಧನೆಯನ್ನೇ ಬಿಟ್ಟೆ.

ಈ ಸಲ ಸೋರಿಕೆಯನ್ನು ಎರಡು ಬಾರಿ ಪರೀಕ್ಷಿಸಿದೆ. ಹೊಸ ಟ್ಯೂಬು ಮಾಡಿ ಮತ್ತೆ ಅಳೆದೆ. ಗೆರೆ ಅಲ್ಲೇ ಇದೆ. ನೀನು ಹೇಳಿದ್ದು ನಿಜ, ಮಜೀದಾ.

ಬೇಗ ಪೇಪರ್ ಬರಿ ಎಂದು ಸಾರ್ ಅವಸರಪಡಿಸಿದರು. ಮೊದಲ ಹೆಸರು ನಿನ್ನದಿರಬೇಕು ಎಂದೆ. "ಬಿಟ್ಟು ಹೋದವಳಿಗೆ ಯಾಕಮ್ಮ?" ಎಂದರು. ಕಪಾಟಿನಿಂದ ನಿನ್ನ ಹಳೆಯ ನೋಟ್‌ಬುಕ್ ತಂದು, ಆ ಪುಟ ತೆರೆದು ಅವರ ಮೇಜಿನ ಮೇಲಿಟ್ಟೆ.

"ಅವಳ ಹೆಸರಿಲ್ದೆ ನಾನು ಕಳಿಸಲ್ಲ ಸಾರ್."

ಒಂಬತ್ತು ದಿನ ಅವರು ಅದನ್ನು ತಮ್ಮ ಬಳಿಯೇ ಇಟ್ಟುಕೊಂಡರು. ನಿನ್ನೆ ಒಂದು ಹಾಳೆ ಕೈಗಿತ್ತರು, ಪೇಪರಿನಲ್ಲಿ ಮೊದಲ ಹೆಸರು ನಿನ್ನದೇ, ಅದಕ್ಕೆ ನಿನ್ನ ಸಹಿ ಬೇಕಂತೆ. ಇದರೊಳಗೆ ಇಟ್ಟಿದ್ದೇನೆ.

ನಿನ್ನ ಮಗಳು ಗಟ್ಟಿಮುಟ್ಟಾಗಿ, ನಿನ್ನಷ್ಟೇ ಹಟಮಾರಿಯಾಗಿ ಬೆಳೆಯಲಿ.

ನಿನ್ನ
ಭಾನುಪ್ರಿಯ

ತಾ.ಕ.: ಸಹಿ ಮಾಡುವ ಮೊದಲು ಇದನ್ನೂ ಓದು. ಅವತ್ತು, ನಿನಗೆ ಆ ಗೆರೆ ಬಂದ ದಿನ, ನಿನ್ನ ಟ್ಯೂಬು ಸೋರುತ್ತಿದೆಯೇ ಎಂದು ಪರೀಕ್ಷಿಸಲು ಸಾರ್ ಹೇಳಿದ್ದು ನನಗೆ. ನಾನು ಪರೀಕ್ಷಿಸಲೇ ಇಲ್ಲ. ಊರಿಗೆ ಹೋಗುವ ನಮ್ಮ ರೈಲಿಗೆ ಹೊತ್ತಾಗಿತ್ತು, ನೀನು ಲ್ಯಾಬಿನ ಗೇಟಿನ ಬಳಿ ಕಾಯುತ್ತಿದ್ದೆ. "ಸೋರ್ತಿದೆ ಸಾರ್" ಎಂದು ಹೇಳಿ ಓಡಿಬಂದೆ. ರೈಲಿನಲ್ಲಿ ಒಂದೇ ಸೀಟು ಸಿಕ್ಕಿತು. ಅದರಲ್ಲಿ ನನ್ನನ್ನು ಕೂರಿಸಿ, ರಾಮನಗರದವರೆಗೂ ನೀನು ನಿಂತೇ ಬಂದೆ.