ಕೊನೆಯ ನಾಲ್ಕು ಕಿಲೋಮೀಟರ್

ಸೋಮವಾರ, ಮಧ್ಯಾಹ್ನ ಮೂರು ಗಂಟೆ

ನನ್ನ ಡಾಕ್ಟರ್ ಮಗಳಿಗೆ,

ಕ್ಷೇಮ ಸಮಾಚಾರವೆಲ್ಲ ಆಮೇಲೆ, ಮೊದಲು ಸಿಟ್ಟು. ಎಂಟು ದಿನದಿಂದ ನಿನ್ನ ಫೋನ್ ಎತ್ತಿಲ್ಲ. ಎತ್ತಿದ್ದರೆ ಕಿರುಚುತ್ತಿದ್ದೆ, ನೀನು ತಣ್ಣಗೆ ಬಿಪಿ ನೋಡ್ಕೊಂಡ್ಯಾ ಅಮ್ಮ ಅಂತ ಕೇಳುತ್ತಿದ್ದೆ, ಅಲ್ಲಿಗೆ ನನ್ನ ಬಿಪಿ ಏರುತ್ತಿತ್ತು. ಅದಕ್ಕೇ ಈ ಕಾಗದ. ಇಪ್ಪತ್ತೊಂಬತ್ತು ವರ್ಷ ಊರಿನವರಿಗೆಲ್ಲ ಅಂಚೆ ಹಂಚಿದವಳು ಸ್ವಂತ ಮಗಳಿಗೆ ಬರೆಯುತ್ತಿರುವುದು ಇದೇ ಮೊದಲು. ಸ್ಟ್ಯಾಂಪ್ ಹಚ್ಚುವುದಿಲ್ಲ. ನಿನ್ನ ಬೀದಿ ನಾನು ಅಂಚೆ ಹಂಚುವ ದಾರಿಯಲ್ಲೇ ಬರುತ್ತದೆ. ನಾಳೆ ಹತ್ತು ಗಂಟೆಗೆ ಬಾಗಿಲಡಿ ತೂರಿಸಿ ಹೋಗುತ್ತೇನೆ. ಬೆಲ್ ಮಾಡುವುದಿಲ್ಲ.

ಸ್ಪರ್ಧೆಯ ಕೊನೆಯ ಗೆರೆಗೆ ಉಳಿದಿದ್ದು ನಾಲ್ಕೇ ಕಿಲೋಮೀಟರ್, ಮಗಳೇ! ಎರಡು ಕಿಲೋಮೀಟರ್ ಈಜಿ, ತೊಂಬತ್ತು ಸೈಕಲ್ ತುಳಿದು, ಇಪ್ಪತ್ತೊಂದರಲ್ಲಿ ಹದಿನೇಳು ಓಡಿದ್ದೆ. ಕೈಯಲ್ಲಿನ್ನೂ ಐವತ್ತು ನಿಮಿಷ ಇತ್ತು. ನಡೆದುಕೊಂಡು ಹೋಗಿದ್ದರೂ ಮುಟ್ಟುತ್ತಿದ್ದೆ. ಅಷ್ಟರಲ್ಲಿ ಡಾಕ್ಟರುಗಳ ಡೇರೆಯಿಂದ ನೀನು ಬಂದು ರಟ್ಟೆ ಹಿಡಿದೆ. ಅಲ್ಲಿ ನಿನಗೆ ಡ್ಯೂಟಿ ಬಿದ್ದಿದೆ ಎಂದು ಗೊತ್ತಾದ ದಿನ ಖುಷಿಯಿಂದ ಕುಣಿದಾಡಿದ್ದು ನಾನೇ. ನನ್ನ ಬುದ್ಧಿಗಿಷ್ಟು. ನಾನೂರು ಜನ ಓಡುತ್ತಿದ್ದರು, ಹಿಡಿದು ನಿಲ್ಲಿಸಲು ನಿನಗೆ ಹೆತ್ತ ತಾಯಿಯೇ ಸಿಗಬೇಕಿತ್ತೇ?

ನಲವತ್ತಮೂರು ಡಿಗ್ರಿ ಇತ್ತು, ಒಪ್ಪಿದೆ. ಡಾಂಬರು ಬೂಟಿಗೆ ಅಂಟುತ್ತಿತ್ತು. ಸೈಕಲ್ಲಿನ ಹಿಡಿಕೆ ಆಗತಾನೆ ಒಲೆಯಿಂದ ಇಳಿಸಿದ ಪಾತ್ರೆಯ ಹಾಗೆ ಸುಡುತ್ತಿತ್ತು. ಆದರೆ ಬಿಸಿಲಿನ ಪಾಠ ನನಗೆ ಬೇಡ. ನೀನು ತೊಟ್ಟಿಲಲ್ಲಿದ್ದಾಗಿನಿಂದ ನಾನು ಬಿಸಿಲಲ್ಲೇ ಸೈಕಲ್ ತುಳಿದು ನಿನ್ನನ್ನು ಓದಿಸಿದ್ದೇನೆ.

ನೀರು ಕುಡಿದಿದ್ದೀಯಾ ಎಂದು ನೀನು ಕೇಳಿದೆ. ದಾರಿಯಲ್ಲಿ ನೀರಿಟ್ಟ ಪ್ರತಿ ಮೇಜಿನ ಹತ್ತಿರವೂ ಕುಡಿದೆ ಅಂತ ನಾನು ಹೇಳಿದೆನಲ್ಲ, ಅದು ಸುಳ್ಳು. ಸೈಕಲ್ಲಿನ ಎರಡು ಬಾಟಲಿಗಳಲ್ಲಿ ಒಂದರ ಮುಚ್ಚಳವನ್ನೇ ತೆಗೆದಿರಲಿಲ್ಲ. ಬೇಕೆಂದು ಮಾಡಿದ್ದಲ್ಲ. ಅಂಚೆ ಹಂಚುವ ಹೆಂಗಸು ಬೆಳಿಗ್ಗೆ ಎಂಟರಿಂದ ಎರಡರವರೆಗೆ ಗಟಗಟ ನೀರು ಕುಡಿದರೆ, ಯಾರ ಮನೆ ಬಾಗಿಲು ತಟ್ಟಿ ಟಾಯ್ಲೆಟ್ ಎಲ್ಲಿದೆ ಅಂತ ಕೇಳಬೇಕು? ಬಾಯಿ ಮುಕ್ಕಳಿಸಿ ಉಗುಳುವುದು, ಅಷ್ಟೇ. ವರ್ಷಗಟ್ಟಲೆ ಇದೇ ರೂಢಿ. ಈಗ ಸೈಕಲ್ ಹತ್ತಿದ ಕೂಡಲೇ ಗಂಟಲು ತಾನಾಗಿ ಬಾಗಿಲು ಹಾಕಿಕೊಳ್ಳುತ್ತದೆ. ದಾರಿಯಲ್ಲಿ ಕೊಟ್ಟ ಲೋಟಗಳನ್ನೆಲ್ಲ ತಲೆಗೆ ಸುರಿದುಕೊಂಡೆ. ಇದನ್ನು ಯಾರಿಗೂ ಹೇಳಬೇಡ, ಮಾನ ಹೋಗುತ್ತದೆ.

ಮಾನ ಈಗಾಗಲೇ ಅರ್ಧ ಹೋಗಿದೆ. ಕಾಗದ ವಿಂಗಡಿಸುವ ಕೋಣೆಯಲ್ಲಿ ನನ್ನ ಪಕ್ಕ ನಿಲ್ಲುವ ಕನ್ನಡಕದವನು ಗೂಡುಗಳ ಮೇಲೆ ಗೋಡೆಗೊಂದು ಮೊಳೆ ಹೊಡೆದಿಟ್ಟಿದ್ದ, ಮೆಡಲ್ ನೇತುಹಾಕಲು. ದಿನಾ ಬೆಳಿಗ್ಗೆ, ಅಕ್ಕಾ, ಮೊಳೆ ಕಾಯ್ತಾ ಇದೆ ಕಣಕ್ಕಾ ಅಂತ ಶುರು ಮಾಡುತ್ತಾನೆ. ಹೋದ ವರ್ಷ ಟೈರು ಒಡೆದು ವಾಪಸ್ ಬಂದೆ. ಈ ವರ್ಷ ಮಗಳು. ಟೈರಾದರೂ ವಾಸಿ, ಅದಕ್ಕೆ ನನ್ನ ಮೇಲೆ ಕಾಳಜಿ ಇರಲಿಲ್ಲ.

ಇಷ್ಟಕ್ಕೂ ನೀನು ಕೇಳಿದ್ದಕ್ಕೆಲ್ಲ ಸರಿಯಾಗೇ ಉತ್ತರ ಕೊಟ್ಟೆ. ವಾರ ಯಾವುದೆಂದರೆ ಭಾನುವಾರ. ನಂಬರ್ ಮುನ್ನೂರ ಹನ್ನೆರಡು. ದಿನಾ ಹೋಗುವ ದಾರಿ ಹೇಳು ಎಂದಿದ್ದಕ್ಕೆ ಬೀಗದಂಗಡಿಯಿಂದ ನೀರಿನ ಟ್ಯಾಂಕಿನವರೆಗೆ ಮೂವತ್ತೊಂದು ತಿರುವು ಒಂದೂ ತಪ್ಪದೆ ಒಪ್ಪಿಸಿದೆ. ಕೊನೆಗೆ ನೀನು, ನಾನ್ಯಾರು ಹೇಳು ಅಂತ ಕೇಳಿದೆ. ಡಾಕ್ಟರ್ ಎಂದೆ. ಅದರಲ್ಲಿ ತಪ್ಪೇನು? ಬಿಳಿ ಕೋಟು ಹಾಕಿ ನಿಂತವಳಿಗೆ ಅಷ್ಟು ಜನರ ಮುಂದೆ ನನ್ನ ಬಂಗಾರಿ ಅನ್ನಬೇಕಿತ್ತೇ? ಅದೊಂದು ಮಾತಿಗೆ ನಿನ್ನ ಮುಖ ಬಿಳಿಚಿಕೊಂಡಿತು, ನೀನು ನನ್ನ ಎದೆಯ ಮೇಲಿನ ನಂಬರ್ ಚೀಟಿ ಕಿತ್ತೇಬಿಟ್ಟೆ.

ಮುಂದಿನ ವರ್ಷ ನನಗೆ ನಿವೃತ್ತಿ. ಎಲ್ಲರೂ ಈಗಲೇ, ಇನ್ನು ಆರಾಮಾಗಿ ಕೂತ್ಕೊಳ್ಳಿ ಅನ್ನಲು ಶುರು ಮಾಡಿದ್ದಾರೆ. ಕೂರುವ ಮೊದಲು ಆ ಗೆರೆ ಒಂದು ಸಲ ದಾಟಬೇಕು ನಾನು. ನನಗೆ ಬೇರೇನೂ ಬೇಡ. ಮಧ್ಯದಲ್ಲಿ ತಡೆದ ಡಾಕ್ಟರೇ ಸಹಿ ಹಾಕಿದರೆ ಮಾತ್ರ ಮತ್ತೆ ಸ್ಪರ್ಧೆಗೆ ಸೇರಿಸಿಕೊಳ್ಳುತ್ತಾರಂತೆ. ಫಾರಂ ಜೊತೆಗಿಟ್ಟಿದ್ದೇನೆ. ಕೆಳಗಡೆ, ಬಲಗಡೆ. ಸುಮ್ಮನೆ ಹಾಕಿ ಕಳಿಸು.

ಇನ್ನೂ ಸಿಟ್ಟಿನಲ್ಲೇ ಇರುವ
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿದೆ. ನಾನು ಡಾಕ್ಟರ್ ಎಂದದ್ದು ಜನರಿಗೆ ನಾಚಿ ಅಲ್ಲ. ನೀನು ಯಾರೆಂದು ನನಗೆ ಗೊತ್ತಾಗಲಿಲ್ಲ. ಮೂವತ್ತೊಂದು ತಿರುವು ನೆನಪಿತ್ತು, ನಿನ್ನ ಮುಖ ನೆನಪಿರಲಿಲ್ಲ. ಯಾರ ಮಗಳೋ, ಎಷ್ಟು ಮೆತ್ತಗೆ ಕೈ ಹಿಡಿದಿದ್ದಾಳೆ, ಹೆತ್ತವಳು ಪುಣ್ಯವಂತೆ ಅಂದುಕೊಂಡೆ. ಡೇರೆಯ ಮಂಚದ ಮೇಲೆ ಎರಡನೇ ಬಾಟಲಿ ಗ್ಲೂಕೋಸ್ ಇಳಿಯುವಾಗ ನೀನೆಂದು ತಿಳಿಯಿತು. ತಿಳಿದ ಮೇಲೆ ಹೆದರಿಕೆಯಾಯಿತು, ಅದಕ್ಕೇ ನಿನ್ನ ಮೇಲೆ ಕೂಗಾಡಿದೆ. ಫಾರಂ ಲಕೋಟೆಯಲ್ಲೇ ಇದೆ. ಇದನ್ನು ಓದಿದ ಮೇಲೆ ಸಹಿ ಹಾಕುತ್ತೀಯೋ ಹರಿಯುತ್ತೀಯೋ ನಿನಗೆ ಬಿಟ್ಟಿದ್ದು. ನಾಳೆ ಬೆಲ್ ಮಾಡುತ್ತೇನೆ. ಬಾಗಿಲು ತೆಗೆ, ನಿನ್ನ ಮುಖ ನೋಡಬೇಕು.