ಎರಡನೇ ಗೋಲ್‌ಕೀಪರ್

ರಬಕವಿ
೧೧ ಫೆಬ್ರುವರಿ ೧೯೮೭, ಬುಧವಾರ

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ಹೇಗಿದೆ? ಶೇವಂತಿಯ ಮನೆಯ ಮೆಟ್ಟಿಲು ಕಡಿದಾಗಿವೆ. ಬಾಣಂತಿಗೆ ಬಿಸಿನೀರು ಹೊತ್ತುಕೊಂಡು ಹತ್ತಿ ಇಳಿಯಬೇಡ, ಅಳಿಯನಿಗೆ ಹೇಳು, ಅವನಿಗೂ ಕೈಕಾಲು ಇವೆ. ಕೂಸು ಹಾಲು ಕುಡಿಯುತ್ತದೆಯೇ, ನಿನಗೆ ನಿದ್ದೆ ಮಾಡಗೊಡುತ್ತದೆಯೇ? ಮೂಗು ಥೇಟ್ ನಮ್ಮ ಅಪ್ಪನದೇ ಎಂದು ನೀವು ಹಾಕಿದ ಕಾರ್ಡನ್ನು ಅಪ್ಪ ಓಣಿಯಲ್ಲಿ ಎಲ್ಲರಿಗೂ ತೋರಿಸಿಕೊಂಡು ಬಂದಿದ್ದಾನೆ. ತಂಗೀ ಶೇವಂತಿ, ಈ ಕಾಗದವನ್ನು ಅವ್ವನಿಗೆ ಓದಿ ಹೇಳುವವಳು ನೀನೇ, ಅದಕ್ಕೆ ನಿನಗೂ ಒಂದು ಮಾತು. ಸಾಲು ಬಿಟ್ಟು ಓದಬೇಡ, ನಿನ್ನ ಕಡೆಯಿಂದ ಸೇರಿಸಲೂ ಬೇಡ. ನಾನು ಶನಿವಾರ ಮುಂಜಾನೆ ರಜೆಯ ಮೇಲೆ ಮನೆ ಮುಟ್ಟಿದೆ. ಲೇಹದಿಂದ ಚಂಡೀಗಡದವರೆಗೆ ಸೈನ್ಯದ ವಿಮಾನ, ಅಲ್ಲಿಂದ ರೈಲು, ಕುಡಚಿಯಿಂದ ಬಸ್ಸು. ಅವ್ವಾ, ನೀನು ಇಚಲಕರಂಜಿಗೆ ಶೇವಂತಿಯ ಮನೆಗೆ ಹೋಗಿರುವುದು ಮನೆಗೆ ಬಂದ ಮೇಲೆಯೇ ಗೊತ್ತಾದದ್ದು, ಇಲ್ಲದಿದ್ದರೆ ಬರುವಾಗಲೇ ಮೀರಜದಲ್ಲಿ ಇಳಿದು ನಿಮ್ಮನ್ನೆಲ್ಲ ನೋಡಿ ಬರುತ್ತಿದ್ದೆ. ನಿನ್ನ ಸೊಸೆ ರುಕ್ಮವ್ವ ಆರಾಮಾಗಿದ್ದಾಳೆ. ನಾನೂ ಆರಾಮ. ಗದ್ದದ ಮೇಲೆ ಮೂರ್ನಾಲ್ಕು ಹೊಲಿಗೆ ಬಿದ್ದಿವೆ, ಅದರ ಸಂಗತಿ ಮುಂದೆ ಬರುತ್ತದೆ, ಈಗಲೇ ಎದೆ ಹಿಡಿದುಕೊಳ್ಳಬೇಡ. ಹಲ್ಲು ಎಲ್ಲ ಇವೆ.

ಅವ್ವಾ, ನಾನು ಆಡಿದೆ. ಇದನ್ನು ನಿನಗೆ ಯಾವಾಗ ಹೇಳುತ್ತೇನೋ ಎಂದು ದಾರಿಯುದ್ದಕ್ಕೂ ಕಾದು ಬಂದೆ, ಇಲ್ಲಿ ನೋಡಿದರೆ ನೀನೇ ಇಲ್ಲ. ನಾನು ಹಾಕಿ ಆಡುತ್ತೇನೆ ಎಂದು ನೀನು ಊರಿಗೆಲ್ಲ ಹೇಳಿದ್ದೀ, ಆದರೆ ಅದು ಪೂರ್ತಿ ಖರೆಯಲ್ಲ. ಚಿಕ್ಕವನಿದ್ದಾಗ ಜಮಖಂಡಿಯ ಮೈದಾನದಲ್ಲಿ ನನ್ನ ಹತ್ತಿರ ಸ್ಟಿಕ್ ಇಲ್ಲವೆಂದು ಗೋಲಿನ ಮುಂದೆ ನಿಲ್ಲಿಸಿದರು. ಅವತ್ತು ನಿಂತವನು ನಿಂತೇ ಇದ್ದೇನೆ. ಸೈನ್ಯ ಸೇರಿದ ಮೇಲೆ ನಮ್ಮ ಪಲ್ಟಣದ ತಂಡಕ್ಕೆ ತೆಗೆದುಕೊಂಡರು, ಆದರೆ ಎರಡನೇ ಗೋಲ್‌ಕೀಪರ್ ಎಂದು. ಎರಡನೆಯವನೆಂದರೆ ಮೊದಲನೆಯವನಿಗೆ ಜ್ವರ ಬಂದ ದಿನ ಆಡಬೇಕಾದವನು. ನನ್ನ ದೈವಕ್ಕೆ ನಮ್ಮ ಮೊದಲನೆಯವರಿಗೆಲ್ಲ ಕಲ್ಲಿನಂಥ ಆರೋಗ್ಯ. ಜಬಲ್ಪುರ, ಮೀರತ್, ಜಲಂಧರ, ಯಾವ ಊರಿನ ಮೈದಾನದಲ್ಲಿ ಯಾವ ಬೆಂಚು ಅಲುಗುತ್ತದೆ ಎಂದು ಕೇಳು, ಹೇಳುತ್ತೇನೆ. ಗೆದ್ದ ತಂಡದ ಫೋಟೋ ತೆಗೆಯುವಾಗ ನನ್ನನ್ನೂ ನಿಲ್ಲಿಸುತ್ತಿದ್ದರು, ಕೊನೆಯ ಸಾಲಿನಲ್ಲಿ, ಕಲೆಯಿಲ್ಲದ ಅಂಗಿಯಲ್ಲಿ. ಆ ಫೋಟೋ ನೋಡಿ ನೀನು ನಿನ್ನ ಮಗನೇ ಎಲ್ಲರಿಗಿಂತ ಸ್ವಚ್ಛ ಇದ್ದಾನೆ ಎಂದು ಹೆಮ್ಮೆಪಟ್ಟಿದ್ದೆ.

ಲೇಹಕ್ಕೆ ಹೋದ ಮೇಲೆ ಆಟವೇ ಬೇರೆಯಾಯಿತು. ಅಲ್ಲಿ ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿ ಬರ್ಫದ ಮೈದಾನವಾಗುತ್ತದೆ, ಲಾರಿ ಹೋದರೂ ಒಡೆಯುವುದಿಲ್ಲ. ಬೂಟಿನ ಕೆಳಗೆ ಕಬ್ಬಿಣದ ಅಲಗು ಕಟ್ಟಿಕೊಂಡು ಅದರ ಮೇಲೆ ಹಾಕಿ ಆಡುತ್ತಾರೆ. ಚೆಂಡು ಇಲ್ಲ, ಅಂಗೈಯಷ್ಟು ಅಗಲದ ಗಟ್ಟಿ ರಬ್ಬರಿನ ಬಿಲ್ಲೆ ಇರುತ್ತದೆ. ಅದು ಬರ್ಫದ ಮೇಲೆ ಬರುವ ಜೋರು ನೋಡಿದರೆ ನಿನಗೆ ಮಗ್ಗದ ಲಾಳಿ ನೆನಪಾಗಬೇಕು, ಲಾಳಿಯಾದರೂ ತನ್ನ ದಾರಿ ಬಿಟ್ಟು ಬರುವುದಿಲ್ಲ. ಮೊದಲ ವರ್ಷ ನನಗೆ ನಿಲ್ಲಲಿಕ್ಕೂ ಬರಲಿಲ್ಲ. ಜಾರಲು ಬಾರದವನು ಗೋಲಿನಲ್ಲಿರಲಿ ಎಂದು ತಂಡ ನೋಡಿಕೊಳ್ಳುವ ಮೇಜರ್ ಸಾಹೇಬರು ಅಲ್ಲಿಯೂ ನನ್ನನ್ನು ಎರಡನೆಯವನನ್ನಾಗಿ ಮಾಡಿದರು. ಮೊದಲನೆಯವನು ಹವಾಲ್ದಾರ್ ದೌಲತ್‌ರಾಮ, ಹಿಮಾಚಲದವನು, ನಡೆಯುವುದಕ್ಕಿಂತ ಮೊದಲು ಜಾರಲು ಕಲಿತವನು. ನಾಲ್ಕು ಚಳಿಗಾಲ ಅವನ ಪ್ಯಾಡು ಕಟ್ಟಿಕೊಟ್ಟೆ, ಅವನು ನನಗೆ ಆಟ ಕಲಿಸಿದ. ದಿನಾ ಅಭ್ಯಾಸ ಮುಗಿದ ಮೇಲೂ ನನ್ನನ್ನು ನಿಲ್ಲಿಸಿ ತಾನೇ ಬಿಲ್ಲೆ ಹೊಡೆಯುತ್ತಿದ್ದ.

ಕಳೆದ ತಿಂಗಳು ಕೊನೆಯ ಪಂದ್ಯ ಇತ್ತು, ಲೇಹದ ಹುಡುಗರ ತಂಡದ ಮೇಲೆ. ಅವರು ಆ ಕೆರೆಯ ಮೇಲೆಯೇ ಬೆಳೆದವರು, ನೋಡಲು ಊರಿಗೆ ಊರೇ ದಂಡೆಗೆ ಬಂದಿತ್ತು. ನಾವು ಎರಡು ಗೋಲು, ಅವರು ಒಂದು. ಅಷ್ಟರಲ್ಲಿ ಗೋಲಿನ ಮುಂದೆ ಜಗ್ಗಾಟವಾಗಿ ದೌಲತ್‌ರಾಮನ ಕೈಮೇಲೆ ಯಾರದೋ ಬೂಟಿನ ಅಲಗು ಹಾಯಿತು. ಅವನು ಕೈ ಹಿಡಿದುಕೊಂಡು ಹೊರಗೆ ಬಂದ. ಮೇಜರ್ ಸಾಹೇಬರು ನನ್ನ ಕಡೆ ನೋಡಿದರು. ಅವ್ವಾ, ನನಗೆ ಆಗ ನೀರಡಿಕೆಯಾಯಿತು, ಬೇರೆ ಏನೂ ಅನ್ನಿಸಲಿಲ್ಲ. ಒಳಗೆ ಹೋಗಿ ನಿಂತೆ. ಬಂದ ಮೊದಲ ಬಿಲ್ಲೆಯೇ ಎರಡೂ ಕಾಲಿನ ನಡುವೆ ನುಸುಳಿ ಒಳಗೆ ಹೋಯಿತು, ಅದೂ ನಿಧಾನವಾಗಿ, ಎಲ್ಲರೂ ನೋಡುವಂತೆ. ದಂಡೆಯ ಮೇಲೆ ಮುದುಕಿಯರು ಕೂಡ ನಕ್ಕರು. ಬೆಂಚಿಗೇ ಹೋಗಿಬಿಡಲೇ ಎನ್ನಿಸಿತು. ಆಗ ದೌಲತ್‌ರಾಮ ಕೈಗೆ ಬಟ್ಟೆ ಸುತ್ತಿಕೊಂಡು ನನ್ನ ಗೋಲಿನ ಹಿಂದೆಯೇ ಬಂದು ನಿಂತ. ಬೈಯಲಿಲ್ಲ. ಅದು ಹೋಯಿತು, ಇನ್ನು ಬರುವುದನ್ನು ನೋಡು ಎಂದಷ್ಟೇ ಹೇಳಿದ.

ಅಲ್ಲಿಂದ ಮುಂದೆ ಏನಾಯಿತೋ ನನಗೂ ತಿಳಿಯದು. ಬಿಲ್ಲೆ ದೊಡ್ಡದಾಗಿ ಕಾಣತೊಡಗಿತು. ಕಾಲಿಗೆ, ಎದೆಗೆ, ಭುಜಕ್ಕೆ, ಎಲ್ಲಿಗೆ ಬಂದರೂ ನನಗೇ ಬಂದು ಬಡಿಯುತ್ತಿತ್ತು. ನಮ್ಮವರು ಇನ್ನೊಂದು ಗೋಲು ಹೊಡೆದರು. ಮುಗಿಯಲು ಸ್ವಲ್ಪ ಹೊತ್ತಿರುವಾಗ ಅವರ ಕ್ಯಾಪ್ಟನ್, ಕೆಂಪು ಟೊಪ್ಪಿಗೆಯ ಹುಡುಗ, ಒಬ್ಬನೇ ತಪ್ಪಿಸಿಕೊಂಡು ಬಂದ. ನನ್ನ ಅವನ ನಡುವೆ ಬರ್ಫ ಬಿಟ್ಟರೆ ಯಾರೂ ಇಲ್ಲ. ನಾನು ಗೋಲು ಬಿಟ್ಟು ಮುಂದೆ ಹೋಗಿ ಅವನ ಕಾಲಿಗೆ ಅಡ್ಡ ಬಿದ್ದೆ. ಬಿಲ್ಲೆ ಗದ್ದಕ್ಕೆ ಬಡಿಯಿತು, ಮುಖಕ್ಕೆ ಕಟ್ಟಿಕೊಳ್ಳುವ ತಂತಿಯ ಜಾಳಿಗೆ ದೌಲತ್‌ರಾಮನ ಅಳತೆಯದಾದ್ದರಿಂದ ಮೇಲೆ ಸರಿದಿತ್ತು. ರಕ್ತ ಬಂತು, ಗೋಲು ಬರಲಿಲ್ಲ. ಗೆದ್ದೆವು. ನನ್ನನ್ನು ಮೊದಲು ಎತ್ತಿ ನಿಲ್ಲಿಸಿದವನು ಆ ಕೆಂಪು ಟೊಪ್ಪಿಗೆಯ ಹುಡುಗನೇ. ಡಾಕ್ಟರರು ಗದ್ದ ಹೊಲಿಯುವಾಗ ನಾನು ನಗುತ್ತಿದ್ದೆನಂತೆ, ತಲೆಗೂ ಪೆಟ್ಟಾಗಿದೆಯೇ ಎಂದು ಅವರು ಬಗ್ಗಿ ಬಗ್ಗಿ ನೋಡಿದರು.

ಇದನ್ನು ಇಲ್ಲಿ ಹೇಳಿದರೆ ಯಾರು ನಂಬಬೇಕು? ಅಪ್ಪ ದುಡಿಯುವ ಗಿರಿಮಲ್ಲಪ್ಪ ಸಾಹುಕಾರರ ಮಗ್ಗದ ಶೆಡ್ಡಿನಲ್ಲಿ ಎಲ್ಲರೂ ಕೇಳಿ ಕೇಳಿ ತಲೆಯಾಡಿಸಿದರು. ನೀರಿನ ಮೇಲೆ ನಡೆದಾಡುತ್ತಾನಂತೆ ಸಾತಪ್ಪನ ಮಗ ಎಂದು ಒಬ್ಬ ಅಂದನಂತೆ. ಅಪ್ಪನಿಗೆ ಅದು ತಾಗಿತು. ಮೊನ್ನೆ ಸೋಮವಾರ ಮಗ್ಗಕ್ಕೆ ರಜೆ. ಅಪ್ಪ ಸಾಹುಕಾರರ ಅಪ್ಪಣೆ ಕೇಳಿಕೊಂಡು, ನೂಲಿಗೆ ಹಚ್ಚಿ ಉಳಿದ ಗಂಜಿಯನ್ನು ಶೆಡ್ಡಿನ ಫರಸಿ ನೆಲದ ಮೇಲೆ ಕೊಡಗಟ್ಟಲೆ ಸುರುವಿದ. ಕಾಲಿಟ್ಟರೆ ಬರ್ಫಕ್ಕಿಂತ ಜಾರುತ್ತಿತ್ತು. ಹಳೇ ಚಪ್ಪಲಿಯ ಅಟ್ಟೆ ಕೊಯ್ದು ಬಿಲ್ಲೆ ಮಾಡಿದರು, ಲಾಳಿ ಹೊಡೆಯುವ ಮುರುಕು ಕೋಲುಗಳೇ ಸ್ಟಿಕ್ಕು. ಗೋದಾಮಿನ ಬಾಗಿಲೇ ಗೋಲು. ನಾನು ಕಾಲಿಗೆ ಗೋಣಿಚೀಲ ಸುತ್ತಿಕೊಂಡು ಬಾಗಿಲಲ್ಲಿ ನಿಂತೆ. ನೇಕಾರರು ಒಬ್ಬೊಬ್ಬರಾಗಿ ಬಂದು ಹೊಡೆದರು, ಅರ್ಧ ಜನ ಹೊಡೆಯುವ ಮೊದಲೇ ಬಿದ್ದರು. ಗಿರಿಮಲ್ಲಪ್ಪ ಸಾಹುಕಾರರು ಖುರ್ಚಿ ಹಾಕಿಕೊಂಡು ನೋಡುತ್ತಿದ್ದವರು ತಡೆಯಲಾರದೆ ಧೋತರದ ಚುಂಗು ಸಿಕ್ಕಿಸಿ ಎದ್ದು ಬಂದರು, ಕೋಲು ಎತ್ತಿದರು, ಗಂಜಿಯಲ್ಲಿ ಕೂತುಬಿಟ್ಟರು. ಯಾರಿಗೂ ನಗುವ ಧೈರ್ಯವಾಗಲಿಲ್ಲ. ಕೊನೆಗೆ ಅವರೇ ನಕ್ಕರು, ಆಮೇಲೆ ಶೆಡ್ಡಿನ ತಗಡು ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ರೊಟ್ಟಿಯ ಬುತ್ತಿ ತಂದಿದ್ದ ರುಕ್ಮವ್ವ ಹೊಸ್ತಿಲಲ್ಲೇ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಎಲ್ಲರದೂ ಮುಗಿದ ಮೇಲೆ ಅಪ್ಪ ಕೋಲು ತೆಗೆದುಕೊಂಡ. ಅಪ್ಪ ನನ್ನ ಆಟ ಒಮ್ಮೆಯೂ ನೋಡಿದವನಲ್ಲ, ನಿನಗೆ ಗೊತ್ತೇ ಇದೆ. ಬರಿಗಾಲಲ್ಲಿ ಬಂದು ನಿಂತು, “ಬೇಕಂತ ಬಿಡಬ್ಯಾಡ. ಬಿಟ್ಟರ ನನಗ ಗೊತ್ತಾಗತೈತಿ” ಎಂದ. ಮೊದಲನೆಯದನ್ನು ಕಾಲಿನ ತುದಿಯಿಂದ ತಡೆದೆ. ಎರಡನೆಯದಕ್ಕೆ ಅಪ್ಪ ಒಂದು ಕಡೆ ನೋಡಿ ಇನ್ನೊಂದು ಕಡೆ ಹೊಡೆದ, ಬಿಲ್ಲೆ ಗೋದಾಮಿನೊಳಗೆ ನೂಲಿನ ಗಂಟಿನ ಸಂದಿಗೆ ಹೋಗಿ ಬಿತ್ತು. ಅಪ್ಪನ ಮುಖ ಬಿಗಿಯಿತು.

“ಇದನ್ನ ಯಾಕ ಬಿಟ್ಟಿ?”

“ನಾ ಬಿಡಲಿಲ್ಲ ಅಪ್ಪಾ. ಅದ ಹೊಕ್ಕಿತು.”

ಅಪ್ಪ ಬಾಗಿಲವರೆಗೆ ಬಂದು ಬಗ್ಗಿ ಗೋದಾಮಿನೊಳಗಿನ ಬಿಲ್ಲೆ ನೋಡಿದ. ಆಮೇಲೆ ಕೋಲು ಊರಿಕೊಂಡು ನಗತೊಡಗಿದ, ನಿಲ್ಲಿಸಲು ಆಗದೆ ಅಲ್ಲೇ ಮಗ್ಗದ ಕಟ್ಟೆಯ ಮೇಲೆ ಕೂತು ಕಣ್ಣು ಒರೆಸಿಕೊಂಡ. ಅವತ್ತಿನಿಂದ ಸಿಕ್ಕವರಿಗೆಲ್ಲ ಅದೇ ಮಾತು. ಲೇಹದ ಆ ಕ್ಯಾಪ್ಟನ್ನನಿಗೆ ಆಗದ್ದನ್ನು ತಾನು ಮಾಡಿದೆ ಎಂದು ಬನಹಟ್ಟಿಯವರೆಗೂ ಹೇಳಿಕೊಂಡು ಬಂದಿದ್ದಾನೆ. ನೀನು ಬಂದ ಮೇಲೆ ನಿನಗೂ ಹೇಳುತ್ತಾನೆ, ಮೊದಲ ಸಲ ಕೇಳಿದವಳಂತೆ ಕೇಳು.

ಶೇವಂತಿಗೆ ನನ್ನ ಆಶೀರ್ವಾದ, ಅಳಿಯನಿಗೆ ನಮಸ್ಕಾರ, ಕೂಸಿನ ಅಂಗಾಲಿಗೆ ಮಾಮಾನ ಒಂದು ಮುತ್ತು. ನಿನ್ನ ಕಾಲಿಗೆ ನನ್ನ ಹಣೆ ಹಚ್ಚಿದ್ದೇನೆ ಎಂದು ತಿಳಿ.

ನಿನ್ನ ಮಗ,
ದಶರಥ ಸಾತಪ್ಪ

ತಾ.ಕ.: ಶೇವಂತಿ, ಇದನ್ನು ಅವ್ವ ಉಂಡ ಮೇಲೆ ಓದು. ಅವ್ವಾ, ನಿನ್ನೆ ಜಮಖಂಡಿಯ ತಂತಿ ಆಫೀಸಿನ ಮೂಲಕ ಪಲ್ಟಣದಿಂದ ತಂತಿ ಬಂತು. ಮುಂದಿನ ತಿಂಗಳು ಗುಲ್ಮಾರ್ಗದಲ್ಲಿ ದೊಡ್ಡ ಪಂದ್ಯಗಳಿವೆ, ದೌಲತ್‌ರಾಮನ ಕೈ ಇನ್ನೂ ಮಾಯ್ದಿಲ್ಲ. ಸೈನ್ಯದ ತಂಡಕ್ಕೆ ನಾನೇ ಮೊದಲನೇ ಗೋಲ್‌ಕೀಪರ್. ಆದರೆ ಇನ್ನೂ ಎರಡು ವರ್ಷ ನೌಕರಿಯಲ್ಲಿ ಉಳಿಯುವವರನ್ನು ಮಾತ್ರ ತೆಗೆದುಕೊಳ್ಳುತ್ತಾರೆ, ಕೂಡಲೇ ಉತ್ತರ ಬೇಕೆಂದಿದ್ದರು. ಈ ಜೂನಿಗೆ ಪೆನ್ಷನ್ ತೆಗೆದುಕೊಂಡು ಮನೆಗೆ ಬರುತ್ತೇನೆ ಎಂದು ನೀನು ದಾರಿ ಕಾಯುತ್ತಿರುವುದು ನನಗೆ ಗೊತ್ತು. ರುಕ್ಮವ್ವನನ್ನು ಕೇಳಿದೆ. ಅವಳು ಒಲೆಯ ಮುಂದಿನಿಂದ ಏಳದೆ, “ಹೋಗಿ ಆಡ್ರಿ. ಇಲ್ಲಿ ಕುಂತು ಆಡಬೇಕಿತ್ತು ಅನಕೋಂತ ಇರಬ್ಯಾಡ್ರಿ” ಅಂದಳು, ಆಮೇಲೆ ಅತ್ತಳು. ಅಪ್ಪ, “ನಿಮ್ಮವ್ವಗ ನೀನ ಹೇಳು, ನನ್ನ ಕೈಲೆ ಆಗೂದಿಲ್ಲ” ಅಂದ. ನಾನು ಸೈಕಲ್ ಮೇಲೆ ಜಮಖಂಡಿಗೆ ಹೋಗಿ ಒಪ್ಪಿಗೆಯ ತಂತಿ ಕೊಟ್ಟು ಬಂದೆ. ನಿನ್ನನ್ನು ಕೇಳಲಿಲ್ಲ, ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ, ನಾನು ಹೋಗುತ್ತಿರಲಿಲ್ಲ. ರಜೆ ರದ್ದಾಗಿದೆ. ರವಿವಾರ ಸಂಜೆ ಮೀರಜ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಬೇಕು, ಕತ್ತಲಾಗುವವರೆಗೂ ಅಲ್ಲೇ ಇರುತ್ತೇನೆ, ಚಹಾದ ಅಂಗಡಿಯ ಹತ್ತಿರ. ಬೈಯುವುದಿದ್ದರೆ ಅಲ್ಲೇ ಬೈಯಿ, ಆದರೆ ಬಾ.